ಹೋಗಿ ಬರುತ್ತೇನೆ ಎಂದು ಹೋದ ಮಾಸ್ತರ

ಮೊದಲ ದಿನದ ಪಾಠ ಮುಗಿಸಿದೆ. ಕೊಡೆ ಕೈಗೆತ್ತಿಕೊಂಡು, ಎದುರಿಗಿದ್ದ ಐವರಿಗೂ ಕೈಮುಗಿದು, 'ಐ ವಿಲ್ ಗೋ ಅಂಡ್ ಕಮ್' ಎಂದು ಹೇಳಿ ಹೊರಟೆ. ಮನೆಗೆ ಬಂದು ಚಹಾ ಕುಡಿದೆ. ಕುಮಟಾದಲ್ಲಿರುವ ತಮ್ಮನಿಗೆ ಫೋನ್ ಮಾಡಿ ಅಡಿಕೆ ದರ ವಿಚಾರಿಸಿದೆ. ಮುಕ್ಕಾಲು ಗಂಟೆಯ ನಂತರ, ಮರೆತು ಬಂದ ಕನ್ನಡಕಕ್ಕಾಗಿ ಕೆಳಗಿಳಿದರೆ ಐವರೂ ಪುಸ್ತಕ ತೆರೆದಿಟ್ಟುಕೊಂಡು ಅಲ್ಲಿಯೇ ಕುಳಿತಿದ್ದಾರೆ! ಹೋಗಿ ಬರುತ್ತೇನೆ ಎಂದಿದ್ದೆನಲ್ಲ, ಬರಲಿ ಎಂದು ಕಾಯುತ್ತಿದ್ದರು.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ಈ ವಾಕ್ಯದಲ್ಲೊಂದು ಎಡವಟ್ಟಿದೆ ಎಂದು ಒಬ್ಬರೂ ಹೇಳಿರಲಿಲ್ಲ. ಹೇಳಬೇಕಾದವರೂ ಹಾಗೆಯೇ ಹೇಳಿಕೊಂಡು ಹೋಗಿ ಬರುತ್ತಿದ್ದರು. ನಮ್ಮಲ್ಲಿ 'ಬರುತ್ತೇನೆ' ಎನ್ನದೆ ಹೊರಡುವುದು ಸಾವಿನ ಮನೆಯಿಂದ ಮಾತ್ರ. ಇದನ್ನು ಆ ಐವರಿಗೆ ಇಂಗ್ಲಿಷಿನಲ್ಲಿ ವಿವರಿಸುವಷ್ಟು ಇಂಗ್ಲಿಷ್ ಅವರಿಗಿರಲಿಲ್ಲ. ನನಗಿತ್ತೇ ಎಂಬುದೂ ಆಮೇಲೆ ಅನುಮಾನಕ್ಕೆ ಬಂತು.

ಇದು ನಡೆದದ್ದು 2018ರಲ್ಲಿ, ಚೀನಾದ ಚೆಂಗ್ಡು ನಗರದಲ್ಲಿ. ಬೆಂಗಳೂರಿನ ಕಂಪನಿ ಮಗಳನ್ನು ಅಲ್ಲಿಗೆ ಕಳಿಸಿತ್ತು. ಬೆಂಗಳೂರನ್ನೂ ಚೆಂಗ್ಡುವನ್ನೂ 2013ರಲ್ಲಿ ಎರಡು ಸರಕಾರಗಳು ಸೋದರಿ ನಗರಗಳೆಂದು ಒಪ್ಪಂದ ಮಾಡಿಕೊಂಡಿವೆ. ಹಾಗಾಗಿ ಅಕ್ಕನ ಊರಿನಿಂದ ತಂಗಿಯ ಊರಿಗೆ ಹೊರಟವರಂತೆ ನಾನೂ ಹೆಂಡತಿಯೂ ಹಪ್ಪಳ, ಉಪ್ಪಿನಕಾಯಿ ಕಟ್ಟಿಕೊಂಡು ಹೋದೆವು. ಅಲ್ಲಿ ಸದಾ ಮೋಡ. ಆ ಸೀಮೆಯ ನಾಯಿ ಸೂರ್ಯನನ್ನು ಕಂಡರೆ ಬೊಗಳುತ್ತದೆ ಎಂದು ಚೀನೀಯರಲ್ಲಿ ಒಂದು ಮಾತೇ ಇದೆ. ಘಟ್ಟದ ಕೆಳಗಿನ ಆಷಾಢ ಕಂಡ ನಮಗೆ ಇದೇನೂ ಹೊಸದಾಗಿರಲಿಲ್ಲ.

ಇಂಗ್ಲಿಷ್ ಮಾಸ್ತರನೊಬ್ಬ ಬಂದಿದ್ದಾನೆಂಬ ಸುದ್ದಿ ವಠಾರದಲ್ಲಿ ಎರಡೇ ದಿನದಲ್ಲಿ ಹಬ್ಬಿತು. ಅಲ್ಲಿನ ವೃದ್ಧರ ಕಷ್ಟ ನಮ್ಮ ಊರಿನ ವೃದ್ಧರದ್ದೇ: ಮಗ ಕೆನಡಾದಲ್ಲಿ, ಮಗಳು ಆಸ್ಟ್ರೇಲಿಯಾದಲ್ಲಿ, ಮೊಮ್ಮಕ್ಕಳ ಬಾಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಇಲ್ಲ. ಕೆಳಮಹಡಿಯ ಕೋಣೆಯಲ್ಲಿ ತರಗತಿ ಶುರುವಾಯಿತು. ಪಕ್ಕದ ಕೋಣೆಯಲ್ಲಿ ಮಾಜಾಂಗ್ ಆಟ. ಆ ಬಿಲ್ಲೆಗಳ ಕಟಕಟ ಸದ್ದಿನ ನಡುವೆಯೇ ವ್ಯಾಕರಣ. ಶುಲ್ಕವಿಲ್ಲ, ಆದರೆ ಕುಡಿಯಲು ಬಿಸಿನೀರು ಬೇಕಾದಷ್ಟು. ನೆಗಡಿಗೂ ಬಿಸಿನೀರು, ಮಂಡಿನೋವಿಗೂ ಬಿಸಿನೀರು, ಬೇಜಾರಿಗೂ ಬಿಸಿನೀರು. ನನ್ನ ಅಜ್ಜಿ ಬದುಕಿದ್ದರೆ ಅಲ್ಲಿಯೇ ಇದ್ದುಬಿಡುತ್ತಿದ್ದಳು.

ಮಾಸ್ತರನಿಗೆ ಅವರಲ್ಲಿ 'ಲಾವ್‌ಶೀ' ಎನ್ನುತ್ತಾರೆ. ಪುಸ್ತಕದಲ್ಲಿ ಹಾಗೆ. ಚೆಂಗ್ಡುವಿನ ಬಾಯಲ್ಲಿ ಶಕಾರ ಸಕಾರವಾಗುತ್ತದೆ, ಲಕಾರಕ್ಕೂ ನಕಾರಕ್ಕೂ ಭೇದವಿಲ್ಲ. ಹಾಗಾಗಿ ನಾನು ಒಬ್ಬರಿಗೆ ಲಾವ್‌ಸಿ, ಇನ್ನೊಬ್ಬರಿಗೆ ನಾವ್‌ಸಿ. ಶಾಲೆಗೆ 'ಸಾಲೆ' ಎನ್ನುವ ಮಕ್ಕಳ ನಡುವೆ ಆಯುಷ್ಯ ಸವೆಸಿದ ನನಗೆ ಸಕಾರದ ಚಿಂತೆಯಿರಲಿಲ್ಲ. ನಕಾರ ಮಾತ್ರ ಹೆದರಿಸಿತು. ಬಸ್ ಓಡಿಸಿ ನಿವೃತ್ತರಾಗಿದ್ದ ಒಬ್ಬರು, ತರಗತಿಯಲ್ಲಿ ಎಲ್ಲರಿಗಿಂತ ಉತ್ಸಾಹಿ, ತಮ್ಮ ಜೀವನದ ಬಗ್ಗೆ ಐದು ವಾಕ್ಯ ಬರೆದು ತಂದು ಎದ್ದುನಿಂತು ಓದಿದರು. ಲೈಫ್ ಎಂಬುದೆಲ್ಲ ಅವರ ಬಾಯಲ್ಲಿ ನೈಫ್ ಆಯಿತು. 'ಬಿಫೋರ್, ಮೈ ನೈಫ್ ಈಸ್ ವೆರಿ ಹಾರ್ಡ್. ನೌ ಮೈ ನೈಫ್ ಈಸ್ ಗುಡ್. ಐ ಗಿವ್ ಮೈ ನೈಫ್ ಟು ಮೈ ವೈಫ್.' ಚಾಕುವನ್ನು ಹೆಂಡತಿಗೆ ಒಪ್ಪಿಸಿದ ಆ ಸಜ್ಜನರಿಗೆ ಉಳಿದ ನಾಲ್ವರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮದುವೆಯಾಗಿ ನಲವತ್ತು ವರ್ಷ ಕಳೆದವನಿಗೆ ಅದರಲ್ಲಿ ತಿದ್ದುವಂಥದ್ದೇನೂ ಕಾಣಲಿಲ್ಲ.

ನನ್ನ ಉಚ್ಚಾರವೂ ಬಯಲಿಗೆ ಬಂತು, ಬಿಡಿ. ಹೂವಿನ ಅಂಗಡಿಯ ಅಕ್ಕ ತನ್ನ ಮೊಬೈಲನ್ನು ನನ್ನ ಬಾಯಿಗೆ ಹಿಡಿದು 'ವೆಸ್ಟ್' ಎಂದು ಹೇಳಿಸಿದರು. ದಿಕ್ಕನ್ನು ಹೇಳಿದರೂ ಬನಿಯನ್ನನ್ನು ಹೇಳಿದರೂ ಫೋನಿಗೆ ಕೇಳಿಸಿದ್ದು ಒಂದೇ. ಕನ್ನಡದಲ್ಲಿ ಇರುವುದೇ ಒಂದು 'ವ'. ಎರಡನೆಯದನ್ನು ನಾನೆಲ್ಲಿಂದ ತರಲಿ?

ಗಂಡು ಹೆಣ್ಣಿನ ವಿಷಯದಲ್ಲಿ ಮಾತ್ರ ಗೆದ್ದೇ ಗೆಲ್ಲುತ್ತೇನೆಂದುಕೊಂಡಿದ್ದೆ. ಚೀನೀ ಮಾತಿನಲ್ಲಿ ಅವನೂ 'ಥಾ', ಅವಳೂ 'ಥಾ'. ಹಿಂದೆ ಬರವಣಿಗೆಯಲ್ಲೂ ಒಂದೇ ಅಕ್ಷರವಿತ್ತು. 1920ರ ಸುಮಾರಿಗೆ ಲಿಯು ಬನ್‌ನೋಂಗ್ ಎಂಬ ಕವಿ 'ಅವಳು' ಎನ್ನಲು ಬೇರೆ ಅಕ್ಷರವನ್ನು ಬಳಕೆಗೆ ತಂದ. ಅದು ಕಣ್ಣಿಗೆ ಮಾತ್ರ, ಕಿವಿಗೆ ಇಂದಿಗೂ ಒಂದೇ. ಹೀಗಾಗಿ ಬಸ್ಸಿನವರ ಹೆಂಡತಿ 'ಹೀ', ಹೂವಿನ ಅಕ್ಕನ ಗಂಡ 'ಶೀ'. ಅವನು, ಅವಳು, ಅದು ಎಂದು ಮೂರು ಬೆರಳು ಮಡಚಿ ಕನ್ನಡದ ಹಿರಿಮೆ ಕೊಂಡಾಡಿ ಮನೆಗೆ ಬಂದೆ. ಮರುದಿನ ಮಧ್ಯಾಹ್ನ ಬಸ್ಸಿನವರು ಏನೋ ಕೇಳಲು ಬಾಗಿಲು ತಟ್ಟಿದರು. ನಾನು ಮಲಗಿದ್ದೆ. ನನ್ನ ಹೆಂಡತಿ ಜೀವಮಾನದಲ್ಲಿ ನನ್ನನ್ನು 'ಅವರು' ಎಂದಲ್ಲದೆ ಬೇರೆ ಮಾತಿನಲ್ಲಿ ಸೂಚಿಸಿದವಳಲ್ಲ. ಇದ್ದಬದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ 'ದೇ ಆರ್ ಸ್ಲೀಪಿಂಗ್' ಎಂದಳಂತೆ. ಅವರು ಒಳಗೆ ಇಣುಕಿ, ಇಷ್ಟು ಸಣ್ಣ ಮನೆಯಲ್ಲಿ ಎಷ್ಟು ಜನ ಮಲಗಿದ್ದಾರೆಂದು ಎಣಿಸಲು ನೋಡಿ, ಕಾಲಿನ ಸಪ್ಪಳವಾಗದಂತೆ ಇಳಿದು ಹೋದರಂತೆ. ಸಂಜೆ ತರಗತಿಗೆ ಬರುವಾಗ ಒಂದು ಬುಟ್ಟಿ ಕಿತ್ತಳೆ ತಂದಿದ್ದರು. ಮನೆ ತುಂಬ ನೆಂಟರಿದ್ದಾರಲ್ಲ!

ದಿನ ಕಳೆದಂತೆ ನನಗೊಂದು ಗುಮಾನಿ ಬಲವಾಯಿತು. ಅವರು ಮಾಡುವ ತಪ್ಪುಗಳಲ್ಲಿ ಅರ್ಧ, ತಪ್ಪೆಂದು ನನಗೆ ಅನ್ನಿಸುತ್ತಲೇ ಇರಲಿಲ್ಲ. 'ಟೂ ಬುಕ್' ಎನ್ನುತ್ತಾರೆ. ಎರಡು ಎಂದ ಮೇಲೆ ಬಹುವಚನ ಏಕೆ? 'ಎರಡು ಇಡ್ಲಿಗಳನ್ನು ಕೊಡಿ' ಎಂದರೆ ನಮ್ಮ ಹೋಟೆಲಿನವನೂ ಮೇಲೆ ಕೆಳಗೆ ನೋಡುತ್ತಾನೆ. 'ಎ', 'ದಿ'ಗಳನ್ನು ನುಂಗುತ್ತಾರೆ. ನಮ್ಮಲ್ಲೂ ಅವಿಲ್ಲ. ಎಲ್ಲಿ ಹಾಕಬೇಕೆಂದು ನಾನೇ ಅರ್ಧ ಆಯುಷ್ಯ ಅಂದಾಜಿನಲ್ಲಿ ಹಾಕಿದ್ದೇನೆ. 'ಊಟ ಆಯಿತೇ?' ಎಂದು ವಿಚಾರಿಸುವುದು ಅವರಲ್ಲೂ ಇದೆ. 'ನೀವು ಮೀನು ತಿನ್ನುವುದಿಲ್ಲವೇ?' ಎಂದರೆ 'ಯೆಸ್' ಎನ್ನುತ್ತಾರೆ. ಹೌದು, ತಿನ್ನುವುದಿಲ್ಲ ಎಂದರ್ಥ. ನಾವೂ ಹಾಗೆಯೇ. ಇಂಗ್ಲಿಷಿನವನಿಗೆ ಮಾತ್ರ ಅಲ್ಲಿ 'ನೋ' ಎನ್ನಬೇಕು. ಇದನ್ನು ಎರಡು ವಾರ ಕಲಿಸಿದೆ. ನಡುನಡುವೆ 'ಸರಿ ಸರಿ' ಎಂದು ತಲೆಯಾಡಿಸುತ್ತಿದ್ದೆ. ನಮ್ಮ ತಲೆ ಆಡುವ ರೀತಿ ಗೊತ್ತಲ್ಲ, ಅತ್ತ ಮೆಚ್ಚುಗೆಯೂ ಅಲ್ಲ, ಇತ್ತ ನಿರಾಕರಣೆಯೂ ಅಲ್ಲ. ಪಾಪ, ಅವರು ಬರೆದ ಸರಿ ಉತ್ತರವನ್ನೆಲ್ಲ ಹೊಡೆದುಹಾಕಿ ಮತ್ತೆ ಬರೆದರು.

ಊರಿನಲ್ಲಿ ಮನೆಯ ಬೆಲೆ ಎಷ್ಟು ಎಂದು ಒಂದು ದಿನ ಹೂವಿನ ಅಕ್ಕ ಕೇಳಿದರು. ಹೊಸ ಪರಿಚಯದಲ್ಲೇ ಪಿಂಚಣಿ, ಮನೆ ಬೆಲೆ ಕೇಳುವುದರಲ್ಲೂ ಅವರು ನಮ್ಮವರೇ. 'ಫಾರ್ಟಿ ಲ್ಯಾಕ್' ಎಂದೆ. ಅವರು ಮೊಬೈಲಿನ ನಿಘಂಟಿನಲ್ಲಿ 'ಲ್ಯಾಕ್' ಹುಡುಕಿದರು. ಕೊರತೆ ಎಂದು ಬಂತು. ನಲವತ್ತು ಕೊರತೆಗಳಿರುವ ಮನೆ! ಮಳೆಗಾಲದಲ್ಲಿ ಅಡುಗೆಮನೆಯಿಂದ ಜಗುಲಿಯವರೆಗೆ ಸೋರುವ ಆ ಮನೆಗೆ ಇದಕ್ಕಿಂತ ತಕ್ಕ ವರ್ಣನೆ ಇಲ್ಲ. ಆಮೇಲೆ ಕಾಗದ ಹಿಡಿದು ಕುಳಿತೆವು. ನಮಗೆ ಲಕ್ಷ, ಅವರಿಗೆ ಹತ್ತು ಸಾವಿರದ 'ವಾನ್', ನಡುವೆ ಇಬ್ಬರಿಗೂ ಬೇಡದ ಇಂಗ್ಲಿಷಿನ ಮಿಲಿಯನ್. ಅರ್ಧ ಗಂಟೆ ಸೊನ್ನೆ ಸುತ್ತಿದ ಮೇಲೆ ಹೊಳೆಯಿತು: ಆಗ ಒಂದು ಯುವಾನ್‌ಗೆ ಸುಮಾರು ಹತ್ತು ರೂಪಾಯಿ, ಅಂದರೆ ಲಕ್ಷ ರೂಪಾಯಿಗೆ ಒಂದು ವಾನ್ ಯುವಾನ್. ನಲವತ್ತು ಲಕ್ಷಕ್ಕೆ ನಲವತ್ತು ವಾನ್. ಇಂಗ್ಲಿಷನ್ನು ಪಕ್ಕಕ್ಕೆ ಸರಿಸಿದ್ದರೆ ಬೆರಳಿನಲ್ಲೇ ಮುಗಿಯುತ್ತಿತ್ತು.

ಇಷ್ಟೆಲ್ಲ ಹೊಂದಿಕೆ ಕಂಡು ನನಗೆ ಧೈರ್ಯ ಹೆಚ್ಚಾದದ್ದೇ ಮುಳುವಾಯಿತು. ಆ ಅಕ್ಕನ ಮಗನ ಮದುವೆ ಬಂತು. ಮಗಳು ಕೆಂಪು ಲಕೋಟೆಯಲ್ಲಿ 600 ಯುವಾನ್ ಇಟ್ಟುಕೊಟ್ಟು, 'ಆರು ಅವರಿಗೆ ಶುಭ ಅಪ್ಪ, ಎಲ್ಲ ಸಲೀಸಾಗಿ ಆಗುತ್ತದೆ ಎಂದು ನಂಬಿಕೆ' ಎಂದಳು. ಕಚೇರಿ ಕೆಲಸವಿದ್ದುದರಿಂದ ಅವಳು ಬರಲಿಲ್ಲ. ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಮದುವೆಯ ಮುಯ್ಯಿ ಸೊನ್ನೆಯಲ್ಲಿ ಮುಗಿಯುವುದುಂಟೇ? ಈಗಿನವರಿಗೆ ಶಾಸ್ತ್ರ ಗೊತ್ತಿಲ್ಲ ಎಂದುಕೊಂಡು ಜೇಬಿನಿಂದ ಒಂದು ಯುವಾನಿನ ನಾಣ್ಯ ತೆಗೆದು ಒಳಗೆ ಸೇರಿಸಿದೆ. 601.

ಹೋಟೆಲಿನ ಬಾಗಿಲಲ್ಲೇ ಮೇಜು ಹಾಕಿಕೊಂಡು ಇಬ್ಬರು ಮುಯ್ಯಿ ಬರೆಯುತ್ತಿದ್ದರು. ಒಬ್ಬ ಎಣಿಸುವುದು, ಇನ್ನೊಬ್ಬ ಕೆಂಪು ಪುಸ್ತಕದಲ್ಲಿ ಬರೆಯುವುದು. ತೇಟ್ ನಮ್ಮ ಮದುವೆ ಮನೆ. ಎಣಿಸುವವನು ಆರು ನೋಟು ತೆಗೆದು ನಕ್ಕ. ಲಕೋಟೆ ಕೊಡವಿದಾಗ ನಾಣ್ಯ ಮೇಜಿನ ಮೇಲೆ ಬಿದ್ದು ಟಣ್ ಎಂದಿತು. ಬರೆಯುವವನ ಕೈ ನಿಂತಿತು. ಹಿಂದಿನ ಸಾಲಿನಲ್ಲಿದ್ದ ಹೆಂಗಸರ ಮಾತೂ ನಿಂತಿತು. ಮಗುವೊಂದು ನಾಣ್ಯ ಎತ್ತಲು ಕೈ ಚಾಚಿತು, ತಾಯಿ ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಶುಭಕಾರ್ಯಕ್ಕೆ ಅವರಲ್ಲಿ ಸಮಸಂಖ್ಯೆ, ಜೋಡಿ ಜೋಡಿಯಾಗಿ ಬರಲಿ ಎಂದು. ಕೊನೆಯಲ್ಲಿ ಒಂದು ಸೇರಿಸಿ ಕೊಡುವುದು ಸಾವಿನ ಮನೆಗೆ. ನಾನು ಮದುಮಕ್ಕಳ ಎದುರಿನಲ್ಲೇ ಉತ್ತರಕ್ರಿಯೆಯ ಕಾಣಿಕೆ ಸಲ್ಲಿಸಿದ್ದೆ.

ಇದೆಲ್ಲ ಆ ಹೊತ್ತಿಗೆ ನನಗೆ ತಿಳಿಯದು. ನಾಣ್ಯ ಕಡಿಮೆಯಾಯಿತೇನೋ ಎಂದು ಇನ್ನೊಂದಕ್ಕಾಗಿ ಜೇಬು ತಡಕಾಡುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಬಸ್ಸಿನವರು ಬಂದರು. ಮೇಜನ್ನೂ ನನ್ನನ್ನೂ ಒಮ್ಮೆ ನೋಡಿ, ಕೋಟಿನ ಜೇಬಿನಿಂದ ತಮ್ಮದೊಂದು ಯುವಾನ್ ತೆಗೆದು ನನ್ನ ನಾಣ್ಯದ ಪಕ್ಕದಲ್ಲಿ ಜೋಡಿಸಿಟ್ಟರು. ಬರೆಯುವವನು ಉಸಿರು ಬಿಟ್ಟು 602 ಎಂದು ಬರೆದ. ಹೆಂಗಸರ ಮಾತು ಮುಂದುವರಿಯಿತು.

ರಾತ್ರಿ ಮಗಳಿಂದ ಪೂರ್ತಿ ವಿವರಣೆ ಆಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಮರುದಿನ ಬಸ್ಸಿನವರಿಗೆ ಅವರ ಒಂದು ಯುವಾನ್ ಹಿಂತಿರುಗಿಸಲು ಹೋದೆ. ಅವರು ಕೈ ಹಿಂದಕ್ಕೆ ಕಟ್ಟಿ ನಗುತ್ತಾ ನಿಂತರು.

'ಡೋಂಟ್ ಯು ವಾಂಟ್ ಇಟ್?' ಎಂದೆ.

'ಯೆಸ್' ಎಂದರು.

ನಾನು ಕಲಿಸಿದಂತೆ ಹೇಳಿದ್ದರೆ, ಬೇಕು ಎಂದರ್ಥ. ಅವರ ತಾಯಿನುಡಿಯಲ್ಲಿ ಹೇಳಿದ್ದರೆ, ಬೇಡ ಎಂದು. ನಾನು ನಾಣ್ಯ ಹಿಡಿದ ಕೈ ಚಾಚಿಕೊಂಡೇ ತಲೆಯಾಡಿಸಿದೆ. ಅವರು ನನ್ನ ತಲೆಯನ್ನು ಸ್ವಲ್ಪ ಹೊತ್ತು ನೋಡಿ, ಅದರ ಅರ್ಥವೇನೆಂದು ಕೇಳಲು ಸಂಕೋಚಪಟ್ಟು, ಬಿಸಿನೀರು ತರಲು ಹೋದರು. ನಾಣ್ಯ ಕುಮಟಾದ ಮನೆಯಲ್ಲಿ, ಸೋರದ ಮೂಲೆಯೊಂದರ ಡಬ್ಬಿಯಲ್ಲಿ ಇನ್ನೂ ಇದೆ.