ಕನ್ನಡಕ್ಕೆ ಇದು ಒಗ್ಗುವುದಿಲ್ಲವಂತೆ

"ಕನ್ನಡಕ್ಕೆ ಇದೆಲ್ಲ ಒಗ್ಗುವುದಿಲ್ಲ ಮೇಡಂ" ಎಂದು ನಿನ್ನೆ ಸಂಜೆ ನನ್ನ ಕನ್ನಡ ಕ್ರಿಪ್ಟಿಕ್ ಪದಬಂಧದ ಬಗ್ಗೆ ಒಬ್ಬರು ಹೇಳಿದರು, ಅದೂ ನಾನೇ ಮಾಡಿಕೊಂಡು ಹೋಗಿದ್ದ ಕೋಡುಬಳೆಯನ್ನು ಬಾಯಲ್ಲಿಟ್ಟುಕೊಂಡು. ಕೋಡುಬಳೆ ಅವರ ಗಂಟಲಲ್ಲಿ ಸಲೀಸಾಗಿ ಇಳಿಯಿತು. ಮಾತು ಮಾತ್ರ ನನ್ನ ಗಂಟಲಲ್ಲಿ ಇನ್ನೂ ಸಿಕ್ಕಿಕೊಂಡಿದೆ.

ಬ್ಯಾಂಕಿನ ದಿನಗಳಿಂದ ನನ್ನನ್ನು ಬಲ್ಲವರಿಗೆ ಈ ಚಟದ ಪರಿಚಯ ಹೊಸದಾಗಿ ಬೇಕಿಲ್ಲ. ದಿ ಹಿಂದೂ ಪತ್ರಿಕೆಯ ಕ್ರಿಪ್ಟಿಕ್ ಪದಬಂಧ ಮುಗಿಯದೆ ನನ್ನ ಕೌಂಟರ್ ತೆರೆಯುತ್ತಿರಲಿಲ್ಲ ಎಂದು ಸಹೋದ್ಯೋಗಿಗಳು ಹಬ್ಬಿಸಿದ್ದ ಸುದ್ದಿ ಮುಕ್ಕಾಲು ಪಾಲು ಸುಳ್ಳು. ನಿವೃತ್ತಿಯ ನಂತರ ಅದೇ ಹುಚ್ಚಿನ ಐದು ಮಂದಿ ತಿಂಗಳಿಗೊಂದು ಭಾನುವಾರ ಒಬ್ಬರ ಮನೆಯಲ್ಲಿ ಕೂಡಿ, ಒಂದೇ ಪದಬಂಧವನ್ನು ಬಿಡಿಸಿ, ಆಮೇಲೆ ಒಂದೊಂದು ಸುಳಿವಿನ ಬಗ್ಗೆಯೂ ಜಗಳವಾಡುತ್ತೇವೆ. ನಿಜ ಹೇಳಬೇಕೆಂದರೆ ಬಿಡಿಸುವುದಕ್ಕಿಂತ ಆ ಜಗಳವೇ ರುಚಿ. ಈ ಸಲ ನಾನು ಮೂರು ವಾರ ಕುಳಿತು ಕನ್ನಡದಲ್ಲಿಯೇ ಒಂದು ಥೀಮ್ ಪದಬಂಧ ಕಟ್ಟಿಕೊಂಡು ಹೋಗಿದ್ದೆ.

ಸಾಮಾನ್ಯ ಪದಬಂಧ ಅರ್ಥ ಕೊಟ್ಟು ಪದ ಕೇಳುತ್ತದೆ. ಕ್ರಿಪ್ಟಿಕ್ ಸುಳಿವಿನಲ್ಲಿ ಅರ್ಥ ಒಂದು ತುದಿಯಲ್ಲಿದ್ದರೆ, ಉಳಿದ ಭಾಗದಲ್ಲಿ ಅದೇ ಉತ್ತರವನ್ನು ಒಡೆದು, ತಿರುಗಿಸಿ, ಬಚ್ಚಿಟ್ಟು ಕಟ್ಟುವ ಆಟ ಇರುತ್ತದೆ. ಥೀಮ್ ಪದಬಂಧದಲ್ಲಿ ಕೆಲವು ಉತ್ತರಗಳು ಒಂದೇ ಕುಲಕ್ಕೆ ಸೇರಿರುತ್ತವೆ, ಆದರೆ ಆ ಕುಲ ಯಾವುದೆಂದು ಯಾರೂ ಹೇಳುವುದಿಲ್ಲ. ನನ್ನದರಲ್ಲಿ ಅಂಥ ಉತ್ತರಗಳಿಗೆ ಅರ್ಥದ ಭಾಗವನ್ನೇ ಕೊಡದೆ, ಬರೀ ಆಟದ ಭಾಗವನ್ನು, ಆವರಣದಲ್ಲಿ ಉತ್ತರದ ಅಕ್ಷರಗಳ ಎಣಿಕೆಯನ್ನು ಬಿಟ್ಟಿದ್ದೆ. "ಅರಸನ ತುಣುಕು (4)" ಎಂಬುದು ಮೊದಲು ಒಡೆಯಿತು: ರಾಯ, ಚೂರು, ರಾಯಚೂರು. "ಜಗದ ಗಡಿಯೊಳಗೆ ಅಡಗಿದೆ, ಹಿಂದಿನಿಂದ ಬಂದರೂ ಸಿಗುತ್ತದೆ (3)" ಎಂಬುದನ್ನು ನಮ್ಮಲ್ಲಿ ಅತಿ ಕಿರಿಯವಳು ಬೆರಳಿಟ್ಟು ಓದುತ್ತಾ ಹೋಗಿ, 'ಜಗದ ಗಡಿ'ಯ ಹೊಟ್ಟೆಯಿಂದ ಗದಗವನ್ನು ಎಳೆದು ತೆಗೆದಾಗ ಟೇಬಲ್ಲಿನ ಸುತ್ತ ಎದ್ದ ಉದ್ಗಾರವನ್ನು ನಾನು ಬಹುಕಾಲ ಮರೆಯಲಾರೆ. ಜಿಲ್ಲಾ ಕೇಂದ್ರಗಳೇ ಥೀಮ್ ಎಂಬುದು ಅಲ್ಲಿಗೆ ಎಲ್ಲರಿಗೂ ಹೊಳೆಯಿತು. "ಮೈಲಿಗೆ ತಾಗದ ಬೀದಿ (4)" ಮಡಿಕೇರಿಯಾಗಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ಆದರೆ "ಸರ್ಪದ ಮೇಲೆ ಹತ್ತಿ (3)" ಎಂಬ ಸುಳಿವು ಕೋಡುಬಳೆಯ ಮಹನೀಯರನ್ನು ಹತ್ತು ನಿಮಿಷ ಕಾಡಿತು. ಅವರು ಹತ್ತಿಯ ಹಿಂದೆ ಬಿದ್ದು ಅರಳೆ, ನೂಲು, ಬಟ್ಟೆ ಎಂದು ನೇಯುತ್ತಲೇ ಇದ್ದರು. ಹತ್ತುವುದೆಂದರೆ ಏರುವುದೂ ಹೌದು. ಹಾವು, ಏರಿ, ಹಾವೇರಿ. ಉಕಾರ ಲೋಪವಾಗಿ ಸಂಧಿಯಾದದ್ದನ್ನು ನಾನು ವಿವರಿಸಿದ ಮರುಕ್ಷಣವೇ ಆ ಅಪ್ಪಣೆ ಹೊರಬಿತ್ತು: ಕನ್ನಡಕ್ಕೆ ಇದು ಒಗ್ಗುವುದಿಲ್ಲ. ತಾವು ಸೋತ ಸುಳಿವಿಗೆ ಭಾಷೆಯನ್ನೇ ಹೊಣೆ ಮಾಡುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಇದೇ ವ್ಯಕ್ತಿ ಅದಕ್ಕೆ ಒಂದು ಗಂಟೆ ಮುಂಚೆ ಅರೌಕೇರಿಯಾನ ಕಥೆಯನ್ನು ಕಣ್ಣು ತುಂಬಿಕೊಂಡು ಹೇಳಿದ್ದರು. ಆ ಹೆಸರಿನಲ್ಲಿ ಗಾರ್ಡಿಯನ್ ಪತ್ರಿಕೆಗೆ ಪದಬಂಧ ಕಟ್ಟುತ್ತಿದ್ದ ಪಾದ್ರಿ ಜಾನ್ ಗ್ರಹಾಂ, 2013ರ ಜನವರಿಯಲ್ಲಿ, ತಮ್ಮ 91ನೇ ವಯಸ್ಸಿನಲ್ಲಿ, ತಮಗೆ ಅನ್ನನಾಳದ ಕ್ಯಾನ್ಸರ್ ಆಗಿದೆ ಎಂಬ ಸುದ್ದಿಯನ್ನು ಒಂದು ಥೀಮ್ ಪದಬಂಧದ ಉತ್ತರಗಳ ಮೂಲಕವೇ ಓದುಗರಿಗೆ ತಿಳಿಸಿದರು. ಪೆನ್ಸಿಲ್ ಹಿಡಿದು ಮನೆಗಳನ್ನು ತುಂಬುತ್ತಾ ಹೋದವರಿಗೆ ಆ ಸುದ್ದಿ ಅವರ ಕೈಯಿಂದಲೇ ಬರೆಯಲ್ಪಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಅವರು ತೀರಿಕೊಂಡರು. ಥೀಮ್ ಎಂಬುದು ಎಷ್ಟು ಆಳಕ್ಕೆ ಇಳಿಯಬಲ್ಲದು ಎಂದು ನಮಗೆಲ್ಲ ಪಾಠ ಹೇಳಿದ ಬಾಯಿಯೇ, ಒಂದು ಗಂಟೆಯೊಳಗೆ, ಆ ಆಳ ನಿಮ್ಮ ಭಾಷೆಗಿಲ್ಲ ಎಂದಿತು. ನಿಮ್ಮ ಭಾಷೆ! ಅವರು ಹುಟ್ಟಿದ್ದು ಅರಸೀಕೆರೆಯಲ್ಲಿ.

ಅವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಇಂಗ್ಲಿಷಿನಲ್ಲಿ ಇರುವ 26 ಅಕ್ಷರಗಳನ್ನು ಹೇಗೆ ಬೇಕಾದರೂ ಕಲಸಿ ಹೊಸ ಪದ ಮಾಡಬಹುದು. ನಮ್ಮಲ್ಲಿ ಒಂದು ಮನೆಗೆ ಒತ್ತು, ಕೊಂಬು, ದೀರ್ಘ ಎಲ್ಲ ಸೇರಿದ ಇಡೀ ಅಕ್ಷರ ಕೂರುವುದರಿಂದ ಅಂಥ ಕಲಸಾಟಕ್ಕೆ ಅವಕಾಶ ಕಡಿಮೆ. ವಿಭಕ್ತಿ ಪ್ರತ್ಯಯಗಳು ನಾಮಪದ ಯಾವುದು, ಕ್ರಿಯಾಪದ ಯಾವುದು ಎಂದು ಚಾಡಿ ಹೇಳಿಬಿಡುತ್ತವೆ ಎಂಬುದೂ ಒಂದು ಮಟ್ಟಿಗೆ ನಿಜ. ಸರಿ, ಒಪ್ಪಿದೆ. ಆದರೆ ನದಿ ತಿರುಗಿದರೆ ದಿನವಾಗುತ್ತದೆ, ಗಜ ತಿರುಗಿದರೆ ಜಗವಾಗುತ್ತದೆ, ಕಪಿ ತಿರುಗಿ ನಿಂತರೆ ಪಿಕವಾಗಿ ಹಾಡುತ್ತದೆ, ದಾಸ ಹಿಂದಿರುಗಿದರೆ ಸದಾ ಇರುತ್ತಾನೆ. ಮರಾ ಮರಾ ಎನ್ನುತ್ತಾ ರಾಮನಾದ ಕಥೆಯನ್ನು ತೊಟ್ಟಿಲಿನಿಂದಲೇ ಕೇಳಿದವರಿಗೆ ಇದನ್ನು ಹೊಸದಾಗಿ ಕಲಿಸಬೇಕೇ? ಅರಸು ಎಂದರೆ ದೊರೆಯೂ ಹೌದು, ಹುಡುಕುವುದೂ ಹೌದು. ಕಾಡು, ಆಡು, ನೆರೆ, ಹೊತ್ತು, ಹೀಗೆ ಎರಡು ಮುಖದ ಪದಗಳನ್ನು ಎಣಿಸುತ್ತಾ ಕುಳಿತರೆ ಬೆಳಗಾಗುತ್ತದೆ. ಅದರ ಮೇಲೆ ಸಂಧಿ ಎಂಬ ಸಾಧನ ನಮ್ಮ ಕೈಯಲ್ಲಿದೆ. ಎರಡು ಪದ ಸೇರಿದಾಗ ನಡುವಿನ ಸ್ವರವೇ ಮಾಯವಾಗುವ ಈ ಸೌಲಭ್ಯ ಅರೌಕೇರಿಯಾನಿಗೆ ಸಿಕ್ಕಿದ್ದರೆ ಏನೇನು ಮಾಡುತ್ತಿದ್ದನೋ!

ಇನ್ನೊಂದು ಬಗೆಯ ಮಿತ್ರರೂ ನಿನ್ನೆ ಅಲ್ಲಿದ್ದರು. ನನ್ನ ಪರವಾಗಿ ಎದ್ದು ನಿಂತು, ಅಲ್ಲಮನ ಬೆಡಗಿನ ವಚನ, ಕನಕದಾಸರ ಮುಂಡಿಗೆ ಎಲ್ಲವೂ ಕ್ರಿಪ್ಟಿಕ್ ಪದಬಂಧವೇ, ಇಂಗ್ಲಿಷರಿಗಿಂತ ಮೊದಲೇ ನಾವು ಇದನ್ನೆಲ್ಲ ಮಾಡಿ ಮುಗಿಸಿದ್ದೇವೆ ಎಂದರು. ಈ ಬೆಂಬಲವೂ ನನಗೆ ಬೇಡ. ಮುಂಡಿಗೆಯನ್ನು ಬಿಡಿಸುವವನಿಗೆ ಪುರಾಣ ಗೊತ್ತಿರಬೇಕು, ಬೆಡಗನ್ನು ಬಿಡಿಸುವವನಿಗೆ ಅನುಭಾವದ ಪರಿಭಾಷೆ ಗೊತ್ತಿರಬೇಕು, ಅಷ್ಟಾದರೂ ಟೀಕಾಕಾರರಲ್ಲಿ ಒಮ್ಮತವಿರುವುದಿಲ್ಲ. ಪದಬಂಧದ ನ್ಯಾಯ ಬೇರೆ. ಹೇಳಿದಂತೆ ತೋರುವುದನ್ನೇ ನೀನು ಉದ್ದೇಶಿಸಬೇಕಾಗಿಲ್ಲ, ಆದರೆ ಉದ್ದೇಶಿಸಿದ್ದನ್ನು ಹೇಳಿರಲೇಬೇಕು ಎಂಬರ್ಥದ ಕಟ್ಟಳೆಯನ್ನು ಆಫ್ರಿಟ್ ಎಂಬ ಪದಬಂಧಕಾರ ಹಾಕಿಕೊಟ್ಟಿದ್ದಾನೆ. ಆ ಕಟ್ಟಳೆಯನ್ನು ಕನ್ನಡದಲ್ಲಿ ಇನ್ನೂ ದುಡಿಸಿಲ್ಲ ಎನ್ನಿ, ತಲೆಬಾಗುತ್ತೇನೆ. ದುಡಿಸಲಾಗದು ಎನ್ನಬೇಡಿ. ಅ.ನಾ. ಪ್ರಹ್ಲಾದರಾವ್ ಅವರು ಕನ್ನಡದಲ್ಲಿ ಸಾವಿರಗಟ್ಟಲೆ ಪದಬಂಧ ಕಟ್ಟಿದ್ದಾರೆ, ಅವುಗಳನ್ನು ಬಿಡಿಸುವ ಜನ ಊರೂರಿನಲ್ಲಿದ್ದಾರೆ. ಅವರೆದುರು ಇನ್ನೊಂದು ಮೆಟ್ಟಿಲನ್ನು ಇಡುವ ಕೆಲಸವಷ್ಟೇ ಬಾಕಿ.

ಒಗ್ಗುವುದಿಲ್ಲ ಎಂಬ ಮಾತಿಗೂ ಒಂದು ಇತಿಹಾಸವಿದೆ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಆರ್ಥರ್ ವಿನ್ ಮೊದಲ ಪದಬಂಧ ಪ್ರಕಟಿಸಿದ. ಅದರ ಗೀಳು ಅಮೆರಿಕವನ್ನು ಹಿಡಿದಾಗ ಲಂಡನ್ನಿನ ಟೈಮ್ಸ್ ಪತ್ರಿಕೆ 1924ರಲ್ಲಿ ಮೂಗು ಮುರಿದು ಬರೆಯಿತು. ಅದೇ ಟೈಮ್ಸ್ 1930ರ ಫೆಬ್ರುವರಿಯಲ್ಲಿ ತನ್ನದೇ ಪದಬಂಧವನ್ನು ಆರಂಭಿಸಿತು. ಮೂಗು ಎಲ್ಲಿಗೆ ಹೋಯಿತೋ ತಿಳಿಯದು.

ಇಷ್ಟೆಲ್ಲ ಸಿಟ್ಟು ಮಾಡಿಕೊಂಡು ರಾತ್ರಿ ಪಾತ್ರೆ ತೊಳೆಯುತ್ತಿದ್ದಾಗ ಒಂದು ವಿಷಯ ನೆನಪಾಗಿ ಕೈ ನಿಂತಿತು. ನನ್ನ ಅಪ್ಪ ವಾರಪತ್ರಿಕೆಯ ಕನ್ನಡ ಪದಬಂಧವನ್ನು ಪೆನ್ಸಿಲಿನಲ್ಲಿ ತುಂಬುತ್ತಾ, ಸಿಗದ ಒಂದೆರಡನ್ನು ನನಗಾಗಿ ಉಳಿಸಿ, "ಮೂರಕ್ಷರ, ನೋಡು ಮಗಳೇ" ಎನ್ನುತ್ತಿದ್ದರು. ಆಗಷ್ಟೇ ಇಂಗ್ಲಿಷ್ ಕ್ರಿಪ್ಟಿಕ್ ಕಲಿತ ಜಂಬದಲ್ಲಿ ನಾನು, ಇದರಲ್ಲಿ ಏನಿದೆ ಅಪ್ಪ, ಬರೀ ಸಮಾನಾರ್ಥಕ ಪದ, ಕನ್ನಡದಲ್ಲಿ ಅದಕ್ಕಿಂತ ಹೆಚ್ಚು ಆಗುವುದಿಲ್ಲ ಎಂದಿದ್ದೆ. ಆಮೇಲೆ ಅವರು ಕೇಳಲಿಲ್ಲ.

ನನ್ನ ಪದಬಂಧದಲ್ಲಿ ತಪ್ಪಿರಲಿಲ್ಲವೆಂದಲ್ಲ. "ಬೀಜದ ಮೊದಲಿಗೆ ಬೆಲೆ (3)" ಎಂದು ಬೀದರಕ್ಕೆ ಸುಳಿವು ಕೊಟ್ಟಿದ್ದೆ: ಬೀ, ದರ. ಅದು ಬೀದರ್ ಅಲ್ಲವೇ, ಕೊನೆಯ ಮನೆಯಲ್ಲಿ ಅರ್ಧಾಕ್ಷರ ಕೂರಬೇಕಲ್ಲವೇ ಎಂದು ಕೋಡುಬಳೆಯ ಮಹನೀಯರೇ ಹಿಡಿದರು. ಎರಡು ರೂಪವೂ ಬಳಕೆಯಲ್ಲಿವೆ ಎಂದು ನಾನು ವಾದಿಸಿದೆ. ಅರ್ಧ ಗಂಟೆ ನಡೆದ ಆ ಜಗಳದಲ್ಲಿ ಅವರು ಕನ್ನಡದ ಅರ್ಧಾಕ್ಷರದ ಬಗ್ಗೆ ಎಷ್ಟು ಸೊಗಸಾಗಿ ಮಾತಾಡಿದರೆಂದರೆ, ಅವರ ಅಪ್ಪಣೆಯನ್ನು ಅವರೇ ಮುರಿಯುತ್ತಿರುವುದು ಅವರೊಬ್ಬರನ್ನು ಬಿಟ್ಟು ಎಲ್ಲರಿಗೂ ಕಾಣುತ್ತಿತ್ತು.

ಹೊರಡುವಾಗ ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ಅದರಲ್ಲಿ ಒಂದೇ ಒಂದು ಸುಳಿವು ಉಳಿದಿತ್ತು: "ನಗೆಯ ಹಿಂದೆಯೇ ನಡುಕದ ಆರಂಭ (3)". ಇದನ್ನು ಬರೆಯುವ ಹೊತ್ತಿಗೂ ಅವರಿಂದ ಉತ್ತರ ಬಂದಿಲ್ಲ. ನಿಮಗೆ ಹೊಳೆದರೆ ದಯವಿಟ್ಟು ಅವರಿಗೆ ಹೇಳಬೇಡಿ.