ಜಾಗ ಹತ್ತು, ಸ್ಟಿಕ್ಕರ್ ನಲವತ್ತು

ಕಾಸರಗೋಡಿನ ನಮ್ಮ ಓಣಿಯ ರೆಸಿಡೆನ್ಸ್ ಅಸೋಸಿಯೇಷನ್ ಕೊನೆಗೂ ಪಾರ್ಕಿಂಗ್ ಸಮಸ್ಯೆಯನ್ನು ಬಗೆಹರಿಸಿದೆ. ಮನೆಗೊಂದು ಹಸಿರು ಸ್ಟಿಕ್ಕರ್. ಸ್ಟಿಕ್ಕರ್ ಇರುವ ಕಾರನ್ನು ಓಣಿಯಲ್ಲಿ ನಿಲ್ಲಿಸಬಹುದು. ಇಲ್ಲದ್ದನ್ನೂ ನಿಲ್ಲಿಸಬಹುದು, ಆದರೆ ವಾಟ್ಸಾಪ್ ಗ್ರೂಪಿನಲ್ಲಿ ಅದರ ಫೋಟೋ ಬರುತ್ತದೆ. ಎಂಥಾ ಕಠಿಣ ಶಿಕ್ಷೆ ಮಾರಾಯ್ರೆ!

ಸಣ್ಣ ತೊಡಕೊಂದಿದೆ. ಓಣಿಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದರೆ ಹತ್ತು ಕಾರು ಹಿಡಿಯಬಹುದು. ಸ್ಟಿಕ್ಕರ್ ಮಾಡಿಸಿದ್ದು ನಲವತ್ತು. ಪ್ರೆಸ್ಸಿನವರು ಅದಕ್ಕಿಂತ ಕಮ್ಮಿ ಅಚ್ಚು ಹಾಕುವುದಿಲ್ಲವಂತೆ. ಜಪಾನಿನವರು ಪಾಪ, 1962ರಿಂದ ಇದನ್ನು ಉಲ್ಟಾ ಮಾಡುತ್ತಿದ್ದಾರೆ. ಅಲ್ಲಿ ಗಾಡಿ ನಿಲ್ಲಿಸಲು ರಸ್ತೆಯಲ್ಲದ ಜಾಗ ಇದೆ ಎಂದು ಪೊಲೀಸರಿಂದ ಪತ್ರ ತಂದ ಮೇಲೆ ಕಾರು ನೋಂದಣಿ. ಬೆಂಗಳೂರಿನ ಪಾರ್ಕಿಂಗ್ ನೀತಿಯಲ್ಲೂ ಮನೆಯೆದುರಿನ ರಸ್ತೆಗೆ ವರ್ಷಕ್ಕಿಷ್ಟು ದುಡ್ಡು ಕಟ್ಟುವ ಪರ್ಮಿಟ್ ಬರೆದಿದ್ದರು. ನಮ್ಮಲ್ಲಿ ದುಡ್ಡಿನ ಮಾತೇ ಇಲ್ಲ. ಗೋಂದು ಕೂಡ ಫ್ರೀ.

ಓಣಿಯ ಹೆಚ್ಚಿನ ಮನೆಗಳಿಗೆ ಪೋರ್ಚ್ ಇದೆ, ಇಂಟರ್‌ಲಾಕ್ ಹಾಸಿದ ಅಂಗಳವೂ ಇದೆ. ಪೋರ್ಚಿನಲ್ಲಿ ಅಡಿಕೆ ಒಣಗುತ್ತಿರುತ್ತದೆ. ಮಗಳ ಹಳೇ ಸೈಕಲ್, ಮಳೆಗಾಲಕ್ಕೆಂದು ತುಂಬಿಸಿಟ್ಟ ತೆಂಗಿನ ಸಿಪ್ಪೆಯ ಗೋಣಿಗಳು ಅಲ್ಲೇ. ಕಾರನ್ನು ಒಳಗೆ ತಂದರೆ ಇಂಟರ್‌ಲಾಕಿಗೆ ಆಯಿಲ್ ಕಲೆ ಬೀಳುತ್ತದಂತೆ. ಮುನಿಸಿಪಾಲಿಟಿಯ ಡಾಮರಿಗೆ ಆ ಭಯ ಇಲ್ಲ.

ಮೂಲೆ ಮನೆಯ ಪಾಗಾರಕ್ಕೆ ಒತ್ತಿ ಬೂದು ಕವರ್ ಹೊದ್ದ ಕಾರೊಂದು ನಿಂತಿದೆ. ಯಜಮಾನರು ದುಬೈಯಲ್ಲಿ. ಕವರಿನ ಮೇಲೆ ಹಲಸಿನೆಲೆ, ಕೆಳಗೆ ಬೆಕ್ಕಿನ ಬಾಣಂತನ. ಸಾರ್ವಜನಿಕ ಜಾಗದಲ್ಲಿ 10 ಗಂಟೆ ಹೇಳುವವರು ಕೇಳುವವರಿಲ್ಲದೆ ಬಿದ್ದಿರುವ ಗಾಡಿಯನ್ನು ಪೊಲೀಸರು ಎಳೆಸಬಹುದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್. ಇದಕ್ಕೆ ಇನ್ನೂ ಹತ್ತು ಗಂಟೆ ಆಗಿರಲಿಕ್ಕಿಲ್ಲ. ಹೋದ ಓಣಂನಿಂದ ತಾನೇ ನಿಂತಿರುವುದು. ಅದಕ್ಕೂ ಸ್ಟಿಕ್ಕರ್ ಸಿಕ್ಕಿದೆ.

ಕಾರು ಹೊರಗೆ ಹೋದಾಗ ಜಾಗ ಕಾಯುವುದು ಹೂಕುಂಡದ ಕೆಲಸ. ಕುಂಡಕ್ಕೆ ಸಿಮೆಂಟು ತುಂಬಿಸಿ ಮೇಲೊಂದು ಕ್ರೋಟನ್ ಕಡ್ಡಿ ಸಿಕ್ಕಿಸಿರುತ್ತಾರೆ. ಇಂಥ ಎರಡು ಕುಂಡಗಳ ನಡುವೆ ಈಗ ಗಡಿ ವಿವಾದ. ಗಡಿ ವಿವಾದ ನಮಗೆ ಹೊಸದಲ್ಲ ಬಿಡಿ. 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದರು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಹೋಗಲಿ ಎಂದು 1967ರಲ್ಲಿ ಮಹಾಜನ ಆಯೋಗ ವರದಿ ಕೊಟ್ಟಿತು. ಆ ವರದಿಯೂ ಅಂದಿನಿಂದ ಪಾರ್ಕಿಂಗಿನಲ್ಲೇ ಇದೆ, ಕವರ್ ಹೊದ್ದು. ಆದರೂ ಮಹಾಜನರ ಕೆಲಸ ಸುಲಭದ್ದು. ಅವರಿಗೆ ಗೆರೆ ಎಳೆಯಲು ಒಂದು ಹೊಳೆಯಾದರೂ ಇತ್ತು. ನಮ್ಮಲ್ಲಿ ಇರುವುದು ಕರೆಂಟಿನ ಕಂಬ. ಕಂಬದ ಉತ್ತರಕ್ಕೆ ಯಾರು, ದಕ್ಷಿಣಕ್ಕೆ ಯಾರು ಎಂಬ ಬಗ್ಗೆ ಎರಡೂ ಮನೆಯವರು ಮಾತು ಬಿಟ್ಟಿದ್ದಾರೆ. ಕಂಬ ಮಾತ್ರ ಎರಡೂ ಕಡೆಯಿಂದ ಗುದ್ದಿಸಿಕೊಂಡಿದೆ.

ಅಸೋಸಿಯೇಷನ್ನಿನ 'ಇಲ್ಲಿ ನಿಲ್ಲಿಸಬಾರದು' ಬೋರ್ಡು ಬರೀ ಮಲಯಾಳದಲ್ಲಿದೆ. ನಮ್ಮವರೊಬ್ಬರು ಅದರ ಬುಡದಲ್ಲೇ ಕಾರಿಟ್ಟು, "ನಾವು ಭಾಷಾ ಅಲ್ಪಸಂಖ್ಯಾತರು. ಕನ್ನಡದಲ್ಲಿ ಬರೆಸಿ, ಮತ್ತೆ ತೆಗೆಯುವ" ಎಂದರು. ಇದೇ ಮನುಷ್ಯ ಲಾಟರಿ ಫಲಿತಾಂಶವನ್ನು ಮಲಯಾಳ ಪೇಪರಿನಲ್ಲಿ ಕನ್ನಡಕ ಇಲ್ಲದೆ ಓದುತ್ತಾರೆ. ಕನ್ನಡದಲ್ಲಿ ಬೋರ್ಡು ಬೇಕು, ಬೇಕೇ ಬೇಕು. ಆ ಹಕ್ಕಿಗಾಗಿ ಎಷ್ಟೋ ಜನ ಬಿಸಿಲಲ್ಲಿ ಧರಣಿ ಕೂತಿದ್ದಾರೆ. ಇವರು ಎಸಿ ಗಾಡಿಯನ್ನು ಕೂರಿಸಿದರು.

ತಮಾಷೆ ಸಾಕು. ಹೋದ ವಾರ ರಾತ್ರಿ ಕೊನೆಯ ಮನೆಯ ಅಜ್ಜಿಗೆ ಉಸಿರು ಕಟ್ಟಿತು. ಆಂಬ್ಯುಲೆನ್ಸ್ ಓಣಿಯ ಬಾಯಲ್ಲೇ ನಿಂತಿತು. ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತರು. ಒಬ್ಬ ಹುಡುಗ ಮುಂದೆ ಮುಂದೆ ಓಡಿ ಕಾರುಗಳ ಕನ್ನಡಿ ಮಡಚುತ್ತಿದ್ದ. ಹೊತ್ತವರಲ್ಲಿ ಇಬ್ಬರ ಕಾರು ಅದೇ ಸಾಲಿನಲ್ಲಿತ್ತು. ಗಡಿಯ ತಲಪಾಡಿಯವರೆಗೆ ಈಗ ಆರು ಪಥದ ಹೆದ್ದಾರಿ ಉಂಟು, ಮಂಗಳೂರಿನ ಆಸ್ಪತ್ರೆಗೆ ಹಾರಿಕೊಂಡು ಹೋಗಬಹುದು. ಓಣಿಯಿಂದ ಹೊರಬಿದ್ದರೆ.

2020ರ ಮಾರ್ಚ್‌ನಲ್ಲಿ ಕರ್ನಾಟಕದವರು ಗಡಿ ಮುಚ್ಚಿ ರಸ್ತೆಗಳಿಗೆ ಮಣ್ಣು ಸುರಿದಾಗ ನಾವು ಎಷ್ಟು ಕೂಗಾಡಿದೆವು! ತಲಪಾಡಿಯಲ್ಲಿ ಆಂಬ್ಯುಲೆನ್ಸ್ ತಡೆದರು. ಚಿಕಿತ್ಸೆ ಸಿಗದೆ ಜನ ಸತ್ತರು. ವಿಷಯ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೂ ಹೋಯಿತು. ಮಣ್ಣು ಸುರಿದವರು ಬೇರೆಯವರು, ಹಾಗಾಗಿ ನಮಗೆ ಸಿಟ್ಟು ಬಂತು. ಓಣಿಯಲ್ಲಿ ದಾರಿ ಮುಚ್ಚಿದ್ದು ನಾವೇ. ಲೋನ್ ತೆಗೆದು, ಕಂತು ಕಟ್ಟಿ, ಭಾನುವಾರ ಶಾಂಪೂ ಹಾಕಿ ತೊಳೆದು ಮುಚ್ಚಿದ್ದೇವೆ. ಯಾವ ಕೋರ್ಟಿಗೆ ಹೋಗುವುದು?

ಸಭೆಯಲ್ಲಿ ಕೇಳಿಯೇಬಿಟ್ಟೆ. ಕಾರ್ಯದರ್ಶಿ ಮಾಷ್ಟ್ರು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವರು. ಪೆನ್ನಿನ ಟೋಪಿ ಕಚ್ಚಿ ಸ್ವಲ್ಪ ಯೋಚಿಸಿದರು.

"ಹೌದು, ಅದೊಂದು ಬಿಟ್ಟುಹೋಗಿದೆ. ಆಂಬ್ಯುಲೆನ್ಸಿಗೂ ಒಂದು ವಿಸಿಟರ್ ಸ್ಟಿಕ್ಕರ್ ಕೊಡುವ. ಆದ್ರೆ ಡ್ರೈವರ್ ಹಿಂದಿನ ದಿನವೇ ಬಂದು ಸಹಿ ಹಾಕಿ ತಗೊಂಡು ಹೋಗ್ಬೇಕು, ಆಯ್ತಾ?"

ಠರಾವು ಪಾಸಾಯಿತು.