ಈ ಮಳೆಗಾಲದ ಐದು ಕಾದಂಬರಿ, ಅಮ್ಮನ ಮುಳುಗಿದ ಊರು

ಜೂನ್ ಶುರುವಿನಿಂದ ಇಲ್ಲಿಯವರೆಗೆ ಐದು ಕಾದಂಬರಿ ಓದಿ ಮುಗಿಸಿದೆ. ಐದನ್ನೂ ಓದಿದ್ದು ಇಂಗ್ಲಿಷಿನಲ್ಲಿ, ಎಲ್ಲವೂ ಫ್ಯಾಂಟಸಿ ಅಥವಾ ಸೈನ್ಸ್ ಫಿಕ್ಷನ್. ನಮ್ಮ ತೀರ್ಥಹಳ್ಳಿ ಸೀಮೆಯಲ್ಲಿ ಆರಿದ್ರೆ ಮಳೆ ಹಿಡಿಯಿತೆಂದರೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಸಬೇಕು, ಅದಕ್ಕೆ ಮಳೆ ಹೊಳವಾಗಬೇಕು, ಮರ ಹತ್ತುವವರು ಬರಬೇಕು. ಅಲ್ಲಿಯವರೆಗೆ ಜಗಲಿಯಲ್ಲಿ ಕೂತು ಓದುವುದೇ ಕೆಲಸ. ಓದಿದ್ದರಲ್ಲಿ ಒಂದೆರಡು ಮನಸ್ಸಿನಿಂದ ಇಳಿಯುತ್ತಲೇ ಇಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಕತೆಯ ಗುಟ್ಟು ಅಲ್ಲಲ್ಲಿ ಬಿಟ್ಟುಕೊಡುತ್ತೇನೆ, ಇನ್ನೂ ಓದದವರು ಗಮನಿಸಿ.

ಮೊದಲು ನಿರಾಸೆ ಮಾಡಿದ್ದನ್ನು ಹೇಳಿಬಿಡುತ್ತೇನೆ. ರಾಬರ್ಟ್ ಜೋರ್ಡನ್ ಅವರ 'ದಿ ಐ ಆಫ್ ದ ವರ್ಲ್ಡ್', 1990ರದ್ದು. 14 ಸಂಪುಟಗಳ ಮಾಲೆಯಲ್ಲಿ ಮೊದಲನೆಯದು; ಲೇಖಕರು 2007ರಲ್ಲಿ ತೀರಿಕೊಂಡ ಮೇಲೆ ಕೊನೆಯ ಮೂರನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಬರೆದು ಮುಗಿಸಿದರು. ಶುರುವಿನ ಹಳ್ಳಿ, ಅಲ್ಲಿನ ಹಬ್ಬದ ತಯಾರಿ ತುಂಬ ಹಿಡಿಸಿತು. ಹುಡುಗರು ಊರು ಬಿಟ್ಟು ಓಡತೊಡಗಿದ ಮೇಲೆ ಒಂದು ಛತ್ರದಿಂದ ಇನ್ನೊಂದು ಛತ್ರಕ್ಕೆ ಹೋದ ಹಾಗಾಯಿತೇ ಹೊರತು ಯಾವ ಜಾಗವೂ ನನ್ನೊಳಗೆ ನಿಲ್ಲಲಿಲ್ಲ. ಎರಡನೆಯ ಸಂಪುಟಕ್ಕೆ ಕೈ ಹಾಕುವುದಿಲ್ಲ.

ಆಂಡಿ ವಿಯರ್ ಅವರ 'ಪ್ರಾಜೆಕ್ಟ್ ಹೇಲ್ ಮೇರಿ' ಎರಡೇ ದಿನಕ್ಕೆ ಮುಗಿಯಿತು. ಸೂರ್ಯನ ಶಕ್ತಿಯನ್ನೇ ತಿನ್ನುವ ಸೂಕ್ಷ್ಮಜೀವಿ, ಅದಕ್ಕೆ ಪರಿಹಾರ ಹುಡುಕುತ್ತ ಇನ್ನೊಂದು ನಕ್ಷತ್ರದ ಹತ್ತಿರ ಹೋದ ಶಾಲಾ ಮೇಷ್ಟ್ರು. ಅಲ್ಲಿ ಅವನಿಗೆ ರಾಕಿ ಸಿಗುತ್ತಾನೆ: ಕಣ್ಣಿಲ್ಲ, ಎಲ್ಲವನ್ನೂ ಕಿವಿಯಿಂದಲೇ ತಿಳಿಯುತ್ತಾನೆ, ಮಾತೆಲ್ಲ ಸ್ವರಗಳ ಗೊಂಚಲು, ಎಣಿಕೆ ಹತ್ತರ ಬದಲು ಆರರ ಲೆಕ್ಕದಲ್ಲಿ. ಇಬ್ಬರೂ ಒಂದೊಂದೇ ಶಬ್ದ ಕೂಡಿಸಿಕೊಂಡು ಮಾತು ಕಲಿಯುವ ಪುಟಗಳಿಗಾಗಿಯೇ ಆ ಪುಸ್ತಕ ಓದಬಹುದು. ಉಳಿದ ಕಡೆ ಪ್ರತಿ ಆಪತ್ತಿಗೂ ನಾಲ್ಕು ಪುಟದೊಳಗೆ ಉಪಾಯ ಸಿಕ್ಕಿಬಿಡುವುದು ನನಗೆ ಸಾಲಲಿಲ್ಲ.

ಲ್ಯು ತ್ಸಿಶಿನ್ ಅವರ 'ದ ತ್ರೀ-ಬಾಡಿ ಪ್ರಾಬ್ಲಮ್' ಬೇರೆಯೇ ತೂಕದ್ದು. ಚೀನಿ ಭಾಷೆಯಲ್ಲಿ 2008ರಲ್ಲಿ ಪುಸ್ತಕವಾಗಿ ಬಂತು, ಕೆನ್ ಲ್ಯು ಅನುವಾದ 2014ರಲ್ಲಿ. ಮರುವರ್ಷ ಹ್ಯೂಗೊ ಪ್ರಶಸ್ತಿ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಭೌತವಿಜ್ಞಾನಿ ಅಪ್ಪನನ್ನು ಜನರೆದುರಿಗೇ ಹೊಡೆದು ಕೊಲ್ಲುವುದನ್ನು ನೋಡಿದ ಹುಡುಗಿ ಯೆ ವೆನ್ಜಿಯೆ. ಅವಳನ್ನು ಕಾಡು ಕಡಿಯುವ ಕೆಲಸಕ್ಕೆ ಕಳಿಸುತ್ತಾರೆ. ದಿನವಿಡೀ ಮರ ಉರುಳುವುದನ್ನು ನೋಡುತ್ತ, ಕೀಟನಾಶಕಗಳ ಬಗ್ಗೆ ರೇಚಲ್ ಕಾರ್ಸನ್ 1962ರಲ್ಲಿ ಬರೆದ ಪುಸ್ತಕವನ್ನು ಕದ್ದು ಓದುತ್ತ, ಮನುಷ್ಯರು ತಮ್ಮಷ್ಟಕ್ಕೆ ತಾವೇ ತಿದ್ದಿಕೊಳ್ಳುವವರಲ್ಲ ಅನ್ನುವ ತೀರ್ಮಾನಕ್ಕೆ ಅವಳು ಬರುತ್ತಾಳೆ. ಮುಂದೆ ಅನ್ಯಲೋಕದಿಂದ ಬಂದ ಸಂದೇಶಕ್ಕೆ ಅವಳು ಕಳಿಸುವ ಉತ್ತರದ ಬೇರು ಇರುವುದು ಆ ಕಡಿದ ಮರಗಳ ಬುಡದಲ್ಲಿ. ಕಾಡು ಬೋಳಾಗಿ ಅಕೇಶಿಯಾ ತೋಪಾಗಿದ್ದನ್ನು ಕಣ್ಣಾರೆ ಕಂಡವಳಾಗಿ ಆ ಭಾಗವನ್ನು ಎರಡು ಸಲ ಓದಿದೆ. ಮೂರು ಸೂರ್ಯರ ಲೋಕದ ಕಲ್ಪನೆಯೂ ದೊಡ್ಡದೇ. ಆದರೆ ಯೆ ವೆನ್ಜಿಯೆಯನ್ನು ಬಿಟ್ಟರೆ ಮಿಕ್ಕ ಯಾರ ಮುಖವೂ ನನಗೆ ನೆನಪಿಲ್ಲ.

ಆಮೇಲೆ ಉರ್ಸುಲಾ ಲೆ ಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ತ್‌ಸೀ'. 1968ರ ಪುಸ್ತಕ, ಚಿಕ್ಕದು, ಒಂದು ಮಾತೂ ಹೆಚ್ಚಿಲ್ಲ. ಅಲ್ಲಿ ಮಂತ್ರ ಅಂದರೆ ಹೆಸರು. ಪ್ರತಿ ವಸ್ತುವಿಗೂ ಒಂದು ನಿಜವಾದ ಹೆಸರಿದೆ. ಅದನ್ನು ಬಲ್ಲವನ ಮಾತಿಗೆ ಆ ವಸ್ತು ಒಲಿಯುತ್ತದೆ. ಮಂತ್ರವಿದ್ಯೆ ಕಲಿಯಲು ಬಂದ ಗೆಡ್ ಒಂದು ಒಂಟಿ ಗೋಪುರದಲ್ಲಿ ಕೂತು ಹೆಸರುಗಳ ಪಟ್ಟಿ ಬಾಯಿಪಾಠ ಮಾಡಬೇಕು. ಸಮುದ್ರವನ್ನು ಹಿಡಿತಕ್ಕೆ ತರಬೇಕಾದರೆ 'ಸಮುದ್ರ' ಅನ್ನುವ ಒಂದು ಹೆಸರು ಸಾಲದು, ಒಂದೊಂದು ಕೊಲ್ಲಿ, ಒಂದೊಂದು ಕಡಲತುಂಡಿನ ಹೆಸರೂ ಗೊತ್ತಿರಬೇಕು ಎಂದು ಅವನ ಗುರು ಹೇಳಿಕೊಡುತ್ತಾನೆ. ಇದು ನನಗೆ ಹೊಸದೆನಿಸಲೇ ಇಲ್ಲ. ರಾತ್ರಿ ಹೊತ್ತು ಹಾವನ್ನು ಹಾವು ಅನ್ನಬಾರದು, ಹುಳ ಅನ್ನಬೇಕು ಅಂತ ನಮ್ಮಜ್ಜಿ ಗದರುತ್ತಿದ್ದಳು. ಹೆಸರು ಹಿಡಿದರೆ ಬಂದೇ ಬರುತ್ತದೆ ಅನ್ನುವ ಭಯ. ಗೆಡ್ ಕೊನೆಗೆ ತನ್ನನ್ನು ಅಟ್ಟಿಸಿಕೊಂಡು ಬಂದ ನೆರಳಿಗೆ ತನ್ನದೇ ಹೆಸರಿಟ್ಟು ಕರೆದಾಗ, ಹೊರಗೆ ಜಡಿಮಳೆ, ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಇದು ಕನ್ನಡದಲ್ಲಿ, ನಮ್ಮ ಕಡೆಯ ಕನ್ನಡದಲ್ಲಿ, ಮಕ್ಕಳ ಕೈಗೆ ಸಿಗಬೇಕು ಅನ್ನುವುದು ನನ್ನ ದೊಡ್ಡ ಆಸೆ.

ಕೊನೆಯದು ಸುಸಾನಾ ಕ್ಲಾರ್ಕ್ ಅವರ 'ಪಿರನೇಸಿ'. ಬಂದದ್ದು 2020ರಲ್ಲಿ, ಮರುವರ್ಷ ವಿಮೆನ್ಸ್ ಪ್ರೈಜ್ ಸಿಕ್ಕಿತು. ಅವರ ಮೊದಲ ಕಾದಂಬರಿ 2004ರದ್ದು. ನಡುವಿನ 16 ವರ್ಷಗಳಲ್ಲಿ ಬಹುಕಾಲ ಅವರು ಕಾಯಿಲೆಯಲ್ಲಿದ್ದರು.

ಕೊನೆಯೇ ಇಲ್ಲದ ಒಂದು ಮನೆ. ಸಾಲು ಸಾಲು ಹಜಾರ, ಗೋಡೆಯುದ್ದಕ್ಕೂ ಕಲ್ಲಿನ ಮೂರ್ತಿಗಳು. ಕೆಳಗಿನ ಅಂತಸ್ತಿನಲ್ಲಿ ಸಮುದ್ರ, ಮೇಲಿನದರಲ್ಲಿ ಮೋಡ, ನಡುವೆ ಪಿರನೇಸಿ ಅನ್ನುವವನೊಬ್ಬನ ವಾಸ. ಮೀನು ಹಿಡಿಯುತ್ತಾನೆ, ಕಡಲಪಾಚಿ ಒಣಗಿಸಿ ಉರಿಸುತ್ತಾನೆ, ಉಬ್ಬರ ಇಳಿತದ ಲೆಕ್ಕವನ್ನು ತಪ್ಪದೆ ಬರೆದಿಡುತ್ತಾನೆ. ಇಸವಿಗೆ ಅಂಕಿ ಇಲ್ಲ, ಆಲ್ಬಟ್ರಾಸ್ ಹಕ್ಕಿ ಬಂದ ವರ್ಷ ಅಂತ ಒಂದು ವರ್ಷದ ಹೆಸರು. ಆ ಹಕ್ಕಿಗಳು ಗೂಡು ಕಟ್ಟಲು ಒದ್ದಾಡುವಾಗ ಚಳಿಗಾಲಕ್ಕೆಂದು ಕೂಡಿಟ್ಟ ಒಣಪಾಚಿಯನ್ನು ಅವುಗಳಿಗೆ ಕೊಟ್ಟುಬಿಡುತ್ತಾನೆ. ತನಗೆ ನಾಲ್ಕು ದಿನ ಚಳಿಯಾದರೂ ಒಂದು ಮರಿ ಹುಟ್ಟುತ್ತದಲ್ಲ ಅಂತ. ಮಳೆಗಾಲದ ಒಣಕಟ್ಟಿಗೆಯ ಬೆಲೆ ಬಲ್ಲವರು ಆ ಪುಟವನ್ನು ಸುಲಭದಲ್ಲಿ ದಾಟಲಾರರು.

ನನಗೆ ಅಪ್ಪನ ಡೈರಿ ನೆನಪಾಯಿತು. ಮಳೆ ಇಷ್ಟು ಇಂಚು, ಲಿಂಗನಮಕ್ಕಿ ಅಣೆಕಟ್ಟಿನ ನೀರು ಇಷ್ಟು ಅಡಿ, ದಿನವೂ ಬೆಳಿಗ್ಗೆ. 1819 ಅಡಿ ಮುಟ್ಟಿದರೆ ತುಂಬಿತು ಅಂತ ಲೆಕ್ಕ. ಅವನಿಗೂ ವರ್ಷಗಳ ಗುರುತು ಹಾಗೇ ಇತ್ತು: ಸಂಕ ಕೊಚ್ಚಿಹೋದ ವರ್ಷ, ಕೊಳೆರೋಗಕ್ಕೆ ತೋಟವೇ ಬರಿದಾದ ವರ್ಷ. ಕಲ್ಪನೆಯ ಲೋಕ ಎಷ್ಟೇ ವಿಚಿತ್ರವಾಗಿರಲಿ, ಅದರೊಳಗೆ ಹೀಗೆ ಲೆಕ್ಕ ಇಡುವ, ಹೆಸರು ಬಲ್ಲ ಒಬ್ಬ ಮನುಷ್ಯ ಇದ್ದರೆ ನಾನು ಪೂರ್ತಿ ನಂಬುತ್ತೇನೆ. ಜೋರ್ಡನ್ ಪುಸ್ತಕದಲ್ಲಿ ಸಿಗದೇ ಹೋದದ್ದು ಅದೇ. ಪಿರನೇಸಿಯಲ್ಲೂ ಮಧ್ಯೆ ಪತ್ತೇದಾರಿ ಎಳೆ ಶುರುವಾದಾಗ ನನಗೆ ಬೇಸರವೇ ಆಯಿತು. ಅವನು ಮೊದಲು ಯಾರಾಗಿದ್ದ ಅನ್ನುವುದು ತಿಳಿಯದಿದ್ದರೂ ನಡೆಯುತ್ತಿತ್ತು, ಇನ್ನೊಂದಿಷ್ಟು ಹೊತ್ತು ಆ ಮನೆಯಲ್ಲೇ ಇರಬೇಕಿತ್ತು.

ಕರೆಂಟಿಲ್ಲದ ಒಂದು ಸಂಜೆ ಒಲೆ ಮುಂದೆ ಕೂತು ಅಮ್ಮನಿಗೆ ಈ ಕತೆ ಹೇಳಿದೆ. ಅಮ್ಮನ ತವರು ಸಾಗರ ತಾಲ್ಲೂಕಿನ ಶರಾವತಿ ಕಣಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾಗಿ ಊರು ಮುಳುಗಿದಾಗ ಅವಳಿಗೆ ಹನ್ನೆರಡು ವರ್ಷ. ಆ ನೀರಿನಡಿ ಹಳೆಯ ಮಡೆನೂರು ಅಣೆಕಟ್ಟು ಕೂಡ ಇದೆ, ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಮೇಲೇಳುತ್ತದೆ, ಜನ ಹೋಗಿ ಫೋಟೋ ತೆಗೆಯುತ್ತಾರೆ. ಅಮ್ಮ ಒಮ್ಮೆಯೂ ಬರುತ್ತೇನೆ ಅಂದವಳಲ್ಲ.

ಆ ಮನೆಯಲ್ಲಿ ಹದಿಮೂರು ಜನ ಸತ್ತವರ ಮೂಳೆ ಇವೆ, ಪಿರನೇಸಿ ಅವಕ್ಕೆ ನೀರು, ಊಟ, ನೈದಿಲೆ ತಂದಿಡುತ್ತಾನೆ ಅಂದೆ. ಅಮ್ಮ ಒಲೆಗೆ ಕಟ್ಟಿಗೆ ನೂಕುತ್ತಿದ್ದವಳು ನಿಲ್ಲಿಸಿದಳು.

"ಅವ್ರೆಲ್ಲ ಅವ್ನಿಗೆ ಏನಾಗ್ಬೇಕು?"

"ಏನೂ ಇಲ್ಲ. ಯಾರು ಅಂತಲೂ ಗೊತ್ತಿಲ್ಲ."

"ಗೊತ್ತಿಲ್ದಿದ್ರೂ ಇಡ್ತಾನಲ." ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, "ನಮ್ಮ ಹಿರಿಯರಿಗೆ ಎಡೆ ಇಡ್ತಿದ್ದ ಕಟ್ಟೆ ಹೊಳೆ ಪಕ್ಕದಲ್ಲೇ ಇತ್ತು. ಹೊರಡೋ ದಿನ ನಿಮ್ಮಜ್ಜ ಅಲ್ಲೊಂದು ಬಾಳೆಲೆ ಹಾಸಿ ಬಂದಿದ್ದ."

ಇಷ್ಟು ವರ್ಷದಲ್ಲಿ ನಾನು ಇದನ್ನು ಕೇಳಿರಲಿಲ್ಲ. ಕಟ್ಟೆಯಿಂದ ಮುಂದೆ ಏನಿತ್ತು ಅಂತ ಕೇಳಿದೆ. ಅವಳು ಕಣ್ಣು ಮುಚ್ಚಿಕೊಂಡು, ಕಾಲುದಾರಿಯಲ್ಲಿ ನಡೆದು ಹೋಗುತ್ತಿರುವವಳ ಹಾಗೆ, ಒಂದೊಂದಾಗಿ ಹೇಳುತ್ತ ಹೋದಳು. ಬುಡ್ಡಿ ದೀಪದ ಬೆಳಕಿನಲ್ಲಿ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಬರೆದುಕೊಂಡೆ. ಹೊಳೆಬುಡದ ಗದ್ದೆ, ಚೌಡಿ ಗದ್ದೆ, ಮಾವಿನಡಿ ಮಕ್ಕಿ, ಬಸರಿಮರದ ಹಕ್ಕಲು, ಜೋಡುಸಂಕದ ಬೈಲು. ಹನ್ನೊಂದು ಹೆಸರಾದವು. ಹನ್ನೆರಡನೆಯದು ನಾಲಿಗೆ ತುದಿಯಲ್ಲೇ ಇದೆ ಅಂದಳು, ಇವತ್ತು ಬೆಳಿಗ್ಗೆ ದೋಸೆ ಹುಯ್ಯುವಾಗಲೂ ಹುಡುಕುತ್ತಿದ್ದಳು.